ಎತ್ತರಿಸಿದ ಪಿಕಪ್ಪಿಗೆ ಹಿಂದಿನ ಶಾಕ್: ಮೊದಲು ಟೇಪು, ಆಮೇಲೆ ಕಂಪನಿಯ ಹೆಸರು

ಶಾಕ್ ಅಬ್ಸಾರ್ಬರ್ ಗಾಡಿಯನ್ನು ಎತ್ತುವುದಿಲ್ಲ, ಭಾರವನ್ನು ಹೊರುವುದೂ ಇಲ್ಲ. ಎರಡೂ ಲೀಫ್ ಸ್ಪ್ರಿಂಗಿನ, ಅಂದರೆ ಪ್ಲೇಟ್ ಸೆಟ್ಟಿನ ಕೆಲಸ. ಒಮ್ಮೆ ಬಗ್ಗಿದ ಪ್ಲೇಟು ಉಯ್ಯಾಲೆಯ ಹಾಗೆ ತೂಗುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದಷ್ಟೇ ಶಾಕಿನ ಪಾಲಿಗೆ ಬಂದದ್ದು. ಗ್ಯಾಸ್ ತುಂಬಿದ ಶಾಕ್ ಹಾಕಿದಾಗ ಗಾಡಿ ಕೆಲವು ಮಿಲಿಮೀಟರು ಏರಬಹುದು, ಅದು ಲೆಕ್ಕಕ್ಕೆ ಬರುವ ಏರಿಕೆಯಲ್ಲ. ಇದನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಉಡುಪಿಯಿಂದ ಮಂಗಳೂರಿನವರೆಗೆ ನನಗೆ ಪರಿಚಯವಿರುವ ಪಿಕಪ್ ಮಾಲೀಕರು ಕೇಳುವ ಮೊದಲ ಪ್ರಶ್ನೆಯೇ "ಲೋಡು ಹಾಕಿದರೆ ಹಿಂದೆ ಕೂತುಬಿಡುತ್ತದೆ, ಒಳ್ಳೆಯ ಶಾಕ್ ಯಾವುದು?" ಎಂದು. ಕೂತುಬಿಡುವ ಗಾಡಿಗೆ ಬೇಕಾದದ್ದು ಪ್ಲೇಟು. ಕೂತ ಮೇಲೆ ಕುಣಿಯುವ ಗಾಡಿಗೆ ಬೇಕಾದದ್ದು ಶಾಕ್.

2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇಸುಝು ವಿ-ಕ್ರಾಸ್ ಇರಲಿ, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಇರಲಿ, ಊರೂರಲ್ಲಿ ಕಾಣುವ ಬೊಲೆರೊ ಕ್ಯಾಂಪರ್ ಇರಲಿ, ಹಿಂದಿನ ಚಕ್ರಗಳಿಗೆ ಎಲ್ಲದರಲ್ಲೂ ಪ್ಲೇಟ್ ಸೆಟ್ಟೇ. ಆದ್ದರಿಂದ ಇಲ್ಲಿ ಬರೆಯುವುದು ಎಲ್ಲದಕ್ಕೂ ಸಲ್ಲುತ್ತದೆ. ಮುಂದಿನ ಚಕ್ರಗಳ ವ್ಯವಹಾರ ಬೇರೆಯೇ, ಅದನ್ನು ಮುಟ್ಟುವುದಿಲ್ಲ.

ನನ್ನ ಮೊದಲ ಜೋಡಿ

ನನ್ನದು ಕಂಪನಿ ಕೊಟ್ಟದ್ದಕ್ಕಿಂತ ಎರಡು ಇಂಚು ಎತ್ತರಿಸಿದ ವಿ-ಕ್ರಾಸ್. ಮನೆ ಉಡುಪಿಯ ಹೊರವಲಯದಲ್ಲಿ, ಅಡಿಕೆ ತೋಟ ಹೆಬ್ರಿಯ ಕಡೆ. ಮೊದಲ ಸಲ ಹಿಂದಿನ ಶಾಕ್ ಕೊಂಡಾಗ ನಾನು ನೋಡಿದ್ದು ಡಬ್ಬಿಯ ಮೇಲೆ "2 ಇಂಚು ಲಿಫ್ಟ್‌ಗೆ" ಎಂದು ಬರೆದದ್ದನ್ನು ಮತ್ತು ಶಾಕಿನ ಬಣ್ಣವನ್ನು. ಅಂಗಡಿಯವರೂ ಬೇರೇನನ್ನೂ ಕೇಳಲಿಲ್ಲ. ಒಂದು ಮಳೆಗಾಲ ಕಳೆಯಿತು. ನಾಲ್ಕು ಚೀಲ ಗೊಬ್ಬರ, ಒಂದು ನೀರಿನ ಪಂಪು ಹಾಕಿಕೊಂಡು ತೋಟಕ್ಕೆ ಹೊರಟಿದ್ದ ದಿನ, ಬಣ್ಣ ಮಾಸಿದ ಹಂಪು ಕಾಣದೆ ಅದರ ಮೇಲೆ ಹಾರಿಸಿಬಿಟ್ಟೆ. ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಮನೆಗೆ ಬಂದು ನೋಡಿದರೆ ಎಡಗಡೆಯ ಶಾಕಿನಿಂದ ಎಣ್ಣೆ ಇಳಿಯುತ್ತಿತ್ತು.

ಗ್ಯಾರೇಜಿನಲ್ಲಿ ಗಾಡಿಯ ಅಡಿಗೆ ಮಲಗಿದ ಮೆಕ್ಯಾನಿಕ್ ಟಾರ್ಚು ಬಿಟ್ಟು ಮೊದಲು ತೋರಿಸಿದ್ದು ಶಾಕನ್ನಲ್ಲ, ಚಕ್ರ ಅತಿಯಾಗಿ ಮೇಲೆ ಬಂದಾಗ ಏಟು ತಡೆಯಬೇಕಾದ ಬಂಪ್ ಸ್ಟಾಪ್ ರಬ್ಬರನ್ನು. ಅದರ ಮೇಲೆ ಒಂದು ಗೀರೂ ಇರಲಿಲ್ಲ. "ಇದು ಇಷ್ಟು ದಿನ ಕೆಲಸವನ್ನೇ ಮಾಡಿಲ್ಲ, ನೋಡಿ. ನಿಮ್ಮ ಶಾಕೇ ಬಂಪ್ ಸ್ಟಾಪ್ ಆಗಿದೆ ಮಾರಾಯರೇ" ಎಂದರು. ಶಾಕ್ ಉದ್ದ ಹೆಚ್ಚಾಗಿತ್ತು. ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಸೇರಿಸುವ ಅಚ್ಚು, ಮೇಲೆ ಬಂದು ರಬ್ಬರಿಗೆ ತಾಗುವ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡು, ಇಡೀ ಗಾಡಿಯ ಏಟು ಅದರ ಒಳಗಿನ ವಾಲ್ವುಗಳ ಮೇಲೆ ಬೀಳುತ್ತಿತ್ತು. ಕಂಪನಿಯನ್ನು ಬಯ್ಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅಳತೆ ಮಾಡದೆ ಕೊಂಡವನು ನಾನೇ.

ಅಳತೆ

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮೂರು ಸಂಖ್ಯೆಗಳು ಕೈಯಲ್ಲಿರಬೇಕು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಬಂಪರನ್ನು ನಾಲ್ಕು ಸಲ ಒತ್ತಿ ಬಿಡಿ. ಶಾಕಿನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಟೇಪು ಹಿಡಿಯಿರಿ. ಇದು ನಿಂತ ಅಳತೆ. ಆಮೇಲೆ ಬಂಪ್ ಸ್ಟಾಪ್ ರಬ್ಬರಿಗೂ ಅದು ತಾಗಬೇಕಾದ ಜಾಗಕ್ಕೂ ನಡುವೆ ಎಷ್ಟು ಅಂತರವಿದೆ ನೋಡಿ. ಕೊನೆಗೆ ಚಾಸಿಗೆ ಜ್ಯಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ಶಾಕ್ ಕಳಚಿ, ಚಕ್ರಗಳು ಜೋತುಬಿದ್ದಾಗ ಅದೇ ಎರಡು ಬೋಲ್ಟುಗಳ ಅಂತರವನ್ನು ಮತ್ತೆ ಅಳೆಯಿರಿ. ಬ್ರೇಕ್ ಹೋಸಾಗಲಿ ಎಬಿಎಸ್ ವೈರಾಗಲಿ ಬಿಗಿದುಕೊಂಡರೆ ಅಲ್ಲಿಗೇ ನಿಲ್ಲಿಸಿ, ಹೋಸಿನ ಬ್ರ್ಯಾಕೆಟ್ ಇಳಿಸಿದ ಮೇಲಷ್ಟೇ ಮುಂದುವರಿಯಿರಿ.

ಉದಾಹರಣೆಗೆ ನಿಂತ ಅಳತೆ 520 ಮಿಮೀ, ರಬ್ಬರಿನ ಅಂತರ 100 ಮಿಮೀ ಎಂದುಕೊಳ್ಳೋಣ. ರಬ್ಬರು ತಾಗಿದ ಮೇಲೂ ಇನ್ನೊಂದು 25 ಮಿಮೀ ಅಮುಕಿಕೊಳ್ಳುತ್ತದೆ. 520ರಿಂದ 125 ಕಳೆದರೆ 395. ಅದರಿಂದ 15 ಮಿಮೀ ಉಳಿತಾಯಕ್ಕೆಂದು ಬಿಟ್ಟರೆ, ನೀವು ಕೊಳ್ಳುವ ಶಾಕ್ ಪೂರ್ತಿ ಮುಚ್ಚಿದಾಗ 380 ಮಿಮೀಗಿಂತ ಉದ್ದವಿರಬಾರದು. ಚಕ್ರ ಜೋತುಬಿದ್ದಾಗ 620 ಬಂದರೆ, ಪೂರ್ತಿ ಬಿಚ್ಚಿದ ಶಾಕ್ 630 ಆದರೂ ಇರಲಿ. ಶಾಕ್ ಓರೆಯಾಗಿ ನಿಂತಿರುವುದರಿಂದ ಆಕ್ಸಲ್ ಏರಿದಷ್ಟೂ ಅದು ಕುಗ್ಗುವುದಿಲ್ಲ. ಹಾಗಾಗಿ ಈ ಲೆಕ್ಕ ಸ್ವಲ್ಪ ಅತಿ ಎಚ್ಚರಿಕೆಯದು, ಅದರಿಂದ ನಷ್ಟವಿಲ್ಲ. ಇನ್ನೊಂದು ಮಾತು: ಕೆಲವು ಪಿಕಪ್ಪುಗಳಲ್ಲಿ ಒಂದು ಶಾಕ್ ಆಕ್ಸಲಿನ ಮುಂದೆ, ಇನ್ನೊಂದು ಹಿಂದೆ ಇರುತ್ತದೆ. ಎರಡೂ ಬದಿ ಅಳೆಯಿರಿ.

ಡಬ್ಬಿಯ ಮೇಲಿನ "2 ಇಂಚು" ಏಕೆ ಸಾಲದು ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. ಬಾಗು ಹೆಚ್ಚಿರುವ ಹೊಸ ಪ್ಲೇಟ್ ಸೆಟ್ ಹಾಕಿ ಎತ್ತರಿಸಿದರೆ, ಬಂಪ್ ಸ್ಟಾಪ್ ಇದ್ದಲ್ಲೇ ಇರುವುದರಿಂದ ಆಕ್ಸಲ್ ಮೇಲೇರಿ ನಿಲ್ಲುವ ಜಾಗ ಮೊದಲಿನದ್ದೇ. ಬಿಚ್ಚಿದಾಗಿನ ಉದ್ದ ಮಾತ್ರ ಹೆಚ್ಚಬೇಕು, ಮುಚ್ಚಿದಾಗಿನ ಉದ್ದ ಗಾಡಿಯ ಜತೆ ಬಂದ ಕಂಪನಿಯ ಶಾಕಿನಷ್ಟೇ ಇರಬೇಕು. ಆದರೆ ಪ್ಲೇಟಿಗೂ ಆಕ್ಸಲಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸಿದ ಗಾಡಿಯಲ್ಲಿ, ಬಂಪ್ ಸ್ಟಾಪ್ ಪ್ಲೇಟಿನ ಮೇಲೆಯೇ ಬಂದು ತಾಗುವಂತಿದ್ದರೆ, ಆಕ್ಸಲ್ ಎಲ್ಲ ಹೊತ್ತೂ ಎರಡು ಇಂಚು ಕೆಳಗೇ ಇರುತ್ತದೆ. ಅಲ್ಲಿ ಎರಡೂ ಉದ್ದ ಹೆಚ್ಚಿದರೂ ನಡೆಯುತ್ತದೆ. ಒಂದೇ ಎರಡು ಇಂಚು, ಎರಡು ಬೇರೆ ಶಾಕ್. ನನ್ನ ಗಾಡಿ ಪ್ಲೇಟಿನಿಂದ ಎತ್ತರಿಸಿದ್ದು, ನಾನು ಕೊಂಡದ್ದು ಬ್ಲಾಕಿಗೆ ಹೊಂದುವಂಥದ್ದು. ಶ್ಯಾಕಲ್, ಅಂದರೆ ಪ್ಲೇಟ್ ಸೆಟ್ಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಬದಲಿಸಿ ಎತ್ತರಿಸುವವರೂ ಇದ್ದಾರೆ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಸುಮಾರು ಒಂದೇ ಇಂಚು. ಅಷ್ಟಕ್ಕೆ, ಚಕ್ರ ಜೋತುಬಿದ್ದಾಗಲೂ ಕಂಪನಿಯ ಶಾಕಿಗೆ ಉದ್ದ ಸಾಕಾಗುತ್ತಿದ್ದರೆ, ಅದು ಇನ್ನೂ ಗಟ್ಟಿಯಿದ್ದರೆ, ಹೊಸದು ಬೇಡ. ಅಂಗಡಿಯವರು ಹೇಳದ ಆಯ್ಕೆ ಇದು.

ಒಳಗೇನಿದೆ

ಸಾಮಾನ್ಯ ಟ್ವಿನ್ ಟ್ಯೂಬ್ ಶಾಕಿನಲ್ಲಿ ಕೊಳವೆಯೊಳಗೆ ಕೊಳವೆ. ಪಿಸ್ಟನ್ ಓಡಾಡುವುದು ಒಳಗಿನದರಲ್ಲಿ. ಪಿಸ್ಟನ್ನಿನ ರಾಡು ಒಳಬಂದಾಗ ಜಾಗ ಬಿಟ್ಟುಕೊಡುವ ಎಣ್ಣೆ ಹೊರಗಿನದಕ್ಕೆ ಹೋಗುತ್ತದೆ, ಅಲ್ಲಿ ಎಣ್ಣೆಯ ಮೇಲೆ ಕಡಿಮೆ ಒತ್ತಡದ ಗ್ಯಾಸ್ ಇರುತ್ತದೆ. ಎಡೆಬಿಡದೆ ಕುಲುಕಿದರೆ ಗ್ಯಾಸೂ ಎಣ್ಣೆಯೂ ಬೆರೆತು ನೊರೆಯಾಗುತ್ತದೆ. ನೊರೆಗೆ ಪಿಸ್ಟನ್ನನ್ನು ತಡೆಯುವ ಶಕ್ತಿಯಿಲ್ಲ, ಶಾಕ್ ಸೋಲುತ್ತದೆ. ಇದರ ದೊಡ್ಡ ಗುಣವೆಂದರೆ ಹೊರಗಿನ ಕೊಳವೆಗೆ ಕಲ್ಲು ಬಡಿದು ಸ್ವಲ್ಪ ನೆಗ್ಗಿದರೂ ಒಳಗಿನದಕ್ಕೆ ಏನೂ ಆಗುವುದಿಲ್ಲ. ಮುರಕಲ್ಲಿನ ಕ್ವಾರಿ ದಾರಿಯಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ. ಓಲ್ಡ್ ಮ್ಯಾನ್ ಇಮು ಕಂಪನಿಯ ನೈಟ್ರೋಚಾರ್ಜರ್ ಈ ಜಾತಿಯದ್ದು.

ಫೋಮ್ ಸೆಲ್ ಎನ್ನುವುದು ಇದರದೇ ತಮ್ಮ. ಹೊರಗಿನ ಕೊಳವೆಯಲ್ಲಿ ಬಿಡಿ ಗ್ಯಾಸಿನ ಬದಲು ಫೋಮ್ ಇರುತ್ತದೆ. ಅದರ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಎಣ್ಣೆಯ ಜತೆ ಬೆರೆಯಲು ಗ್ಯಾಸೇ ಸಿಗುವುದಿಲ್ಲ, ನೊರೆಯ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಐರನ್‌ಮ್ಯಾನ್, ಟಫ್ ಡಾಗ್ ಎಂಬ ಆಸ್ಟ್ರೇಲಿಯದ ಕಂಪನಿಗಳು ಇದಕ್ಕೆ ಹೆಸರಾದವು. ಶಾಕ್ ದಪ್ಪ, ಎಣ್ಣೆ ಜಾಸ್ತಿ, ತೂಕ ಜಾಸ್ತಿ.

ಮಾನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆಗೂ ನೈಟ್ರೋಜನ್ನಿಗೂ ನಡುವೆ ತೇಲುವ ಪಿಸ್ಟನ್ ಗೋಡೆಯಂತೆ ನಿಂತಿರುತ್ತದೆ, ಗ್ಯಾಸಿನ ಒತ್ತಡ ಬಹಳ ಹೆಚ್ಚು. ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಕೊಟ್ಟ ವಿದ್ಯೆ ಇದು. ಪಿಕಪ್ ಲೋಕದಲ್ಲಿ ಅದರ 5100 ಸರಣಿ ಪ್ರಸಿದ್ಧ, ಪಿಸ್ಟನ್ 46 ಮಿಮೀ. ಎಣ್ಣೆ ತುಂಬಿದ ಕೊಳವೆಯ ಗೋಡೆಗೆ ಗಾಳಿ ನೇರ ತಾಗುವುದರಿಂದ ಬೇಗ ತಣಿಯುತ್ತದೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಗಾಡಿ ಮಾತು ಕೇಳುತ್ತದೆ ಎಂಬ ಭಾವನೆ ಕೊಡುವುದೂ ಇದೇ. ಆದರೆ ಎರಡು ತಕರಾರು ನನಗಿವೆ. ಕೊಳವೆ ಒಂದೇ ಆದ್ದರಿಂದ ಆಳವಾಗಿ ನೆಗ್ಗಿದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಗ್ಯಾಸಿನ ಕೋಣೆಯೂ ತೇಲುವ ಪಿಸ್ಟನ್ನೂ ಅದೇ ಕೊಳವೆಯಲ್ಲಿ ಸಾಲಾಗಿ ಕೂರಬೇಕಾದ್ದರಿಂದ, ಅಷ್ಟೇ ಓಡಾಟದ, ಅಂದರೆ ಅಷ್ಟೇ ದೂರ ಮುಚ್ಚಿ ಬಿಚ್ಚುವ, ಟ್ವಿನ್ ಟ್ಯೂಬಿಗಿಂತ ಇದು ಮುಚ್ಚಿದಾಗ ಉದ್ದವಿರುತ್ತದೆ. ಮೇಲಿನ ಉದಾಹರಣೆಯ 380 ನೆನಪಿದೆಯಲ್ಲ? ಎಷ್ಟೋ ಮಾನೋಟ್ಯೂಬುಗಳು ಎಡವುವುದು ಅಲ್ಲಿಯೇ. ಆಗ ಬಂಪ್ ಸ್ಟಾಪನ್ನು ಕೆಳಕ್ಕೆ ಇಳಿಸಬೇಕಾಗುತ್ತದೆ, ಅಂದರೆ ಎತ್ತರಿಸಿ ಗಳಿಸಿದ ಓಡಾಟವನ್ನು ಮರಳಿ ಕಳೆದುಕೊಳ್ಳಬೇಕಾಗುತ್ತದೆ.

ಪಕ್ಕದಲ್ಲಿ ಇನ್ನೊಂದು ಪುಟ್ಟ ಡಬ್ಬಿ ಕಟ್ಟಿಕೊಂಡಿರುವ ರಿಸರ್ವಾಯರ್ ಶಾಕ್ ಈ ಉದ್ದದ ಸಮಸ್ಯೆಯನ್ನು ಬಿಡಿಸುತ್ತದೆ, ಗ್ಯಾಸಿನ ಕೋಣೆ ಡಬ್ಬಿಗೆ ಹೋಗುತ್ತದೆ, ಎಣ್ಣೆಯೂ ಹೆಚ್ಚು ಹಿಡಿಯುತ್ತದೆ. ಬೆಲೆ ಕೇಳಿದರೆ ಅದೇ ದುಡ್ಡಿಗೆ ತೋಟಕ್ಕೆ ಹೊಸ ಪಂಪು ಬರುತ್ತದಲ್ಲ ಎಂದು ನನ್ನಂಥವನಿಗೆ ಅನಿಸುತ್ತದೆ.

ನಮ್ಮ ರಸ್ತೆ, ನಮ್ಮ ಉಪ್ಪು

ಶಾಕುಗಳ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಆಸ್ಟ್ರೇಲಿಯದವು. ಅಲ್ಲಿಯ ಜಲ್ಲಿ ರಸ್ತೆಗಳು ತಗಡಿನ ಮಾಡಿನ ಹಾಗೆ ಅಲೆ ಅಲೆಯಾಗಿ ನೂರಾರು ಕಿಲೋಮೀಟರು ಹೋಗುತ್ತವೆ. ಅದರ ಮೇಲೆ ಗಂಟೆಗೆ 80ರಲ್ಲಿ ಹೊತ್ತುಗಟ್ಟಲೆ ಓಡಿದರೆ ಶಾಕ್ ಮುಟ್ಟಲಾಗದಷ್ಟು ಕಾಯುತ್ತದೆ. ಅವರಿಗೆ ಶಾಖವೇ ಶತ್ರು. ನಮ್ಮಲ್ಲಿ ಅಂಥ ರಸ್ತೆ ಎಲ್ಲಿದೆ? ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಂಜಿನ್ ಕಾಯುತ್ತದೆ, ಇಳಿಯುವಾಗ ಬ್ರೇಕು ಕಾಯುತ್ತದೆ, ಶಾಕ್ ಕಾಯುವುದಿಲ್ಲ. ಶಾಕಿಗೆ ಮುಖ್ಯವಾದದ್ದು ಗಾಡಿಯ ವೇಗವಲ್ಲ, ಒಳಗಿನ ಪಿಸ್ಟನ್ನಿನ ವೇಗ. ತಿರುವಿನಲ್ಲಿ ಗಾಡಿ ಮೆಲ್ಲಗೆ ವಾಲುವಾಗ ಪಿಸ್ಟನ್ ನಿಧಾನ, ಗುಂಡಿಗೆ ಚಕ್ರ ಬಿದ್ದಾಗ ಬಲು ಚುರುಕು. ಎತ್ತರಿಸಿದ ಗಾಡಿ ಘಾಟಿಯಲ್ಲಿ ಹೆಚ್ಚು ವಾಲುತ್ತದೆ, ಆದ್ದರಿಂದ ನಿಧಾನದ ಚಲನೆಯಲ್ಲಿ ಬಿಗಿ ಬೇಕು. ಮಾನೋಟ್ಯೂಬುಗಳು, ಅದರಲ್ಲೂ ಬಿಲ್‌ಸ್ಟೈನ್ ಥರದವು, ಇದರಲ್ಲಿ ಜಾಣ. ವಾರಕ್ಕೆರಡು ಸಲ ಚಾರ್ಮಾಡಿ ಹತ್ತಿ ಇಳಿಯುವವರಿಗೆ ನಾನು ಮಾನೋಟ್ಯೂಬ್ ಬೇಡ ಎನ್ನಲಾರೆ.

ಆದರೆ ಅದೇ ಬಿಗಿ ಕಾಂಕ್ರೀಟಿನ ಮೇಲೆ ಶಿಕ್ಷೆಯಾಗುತ್ತದೆ. ಶಿರಾಡಿ ಘಾಟಿಗೆ 2015ರಲ್ಲೂ 2018ರಲ್ಲೂ ಕಾಂಕ್ರೀಟು ಬಿತ್ತು, ಮಂಗಳೂರು ನಗರದೊಳಗೂ ಕಾಂಕ್ರೀಟು ರಸ್ತೆಗಳೇ ಹೆಚ್ಚು. ಹಿಂದೆ ಖಾಲಿಯಿರುವ ಪಿಕಪ್ಪಿನಲ್ಲಿ ಪ್ರತಿಯೊಂದು ಜೋಡಣೆಯ ಗೆರೆಯೂ ಬೆನ್ನುಮೂಳೆಗೆ ಎಣಿಕೆ ಒಪ್ಪಿಸುತ್ತದೆ. ನನ್ನ ತಾಯಿ ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ಮಂಗಳೂರಿಗೆ ಬಂದವರು ವಾಪಸು ಬಸ್ಸಿನಲ್ಲೇ ಹೋಗುತ್ತೇನೆಂದು ಹಟ ಹಿಡಿದರು.

ಕರಾವಳಿಯಲ್ಲಿ ಶಾಕಿನ ಶತ್ರು ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ನಿಂತು ಫೋಟೋ ತೆಗೆಯುವಷ್ಟು ಹೊತ್ತೂ ಗಾಡಿಯ ಅಡಿಗೆ ಉಪ್ಪುಗಾಳಿ ನುಗ್ಗುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಮಲ್ಪೆ ಬಂದರಿನಿಂದಲೂ ಮಂಗಳೂರಿನ ದಕ್ಕೆಯಿಂದಲೂ ಹೊರಡುವ ಮೀನಿನ ಲಾರಿಗಳು ರಸ್ತೆಯುದ್ದಕ್ಕೂ ಸುರಿಸಿಕೊಂಡು ಹೋಗುವ ನೀರು. ಅದು ಶಾಕಿನ ರಾಡಿನ ಮೇಲೆ ಎರಚಿ, ಕ್ರೋಮಿನ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕಿ ಎದ್ದರೆ ಸಾಕು. ಆ ಚುಕ್ಕಿ ಪ್ರತಿ ಕುಲುಕಿಗೂ ಸೀಲನ್ನು ಕೆರೆಯುತ್ತದೆ. ಸೀಲು ಹೋದ ಮೇಲೆ ಫೋಮೂ ಒಂದೇ, ಮಾನೋಟ್ಯೂಬೂ ಒಂದೇ. ಹೆಚ್ಚಿನ ಒತ್ತಡದ ಮಾನೋಟ್ಯೂಬಿನಲ್ಲಿ ಗ್ಯಾಸು ಎಣ್ಣೆಯನ್ನು ಹೊರಗೆ ತಳ್ಳುತ್ತಲೇ ಇರುವುದರಿಂದ ಕಥೆ ಬೇಗ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಬಣ್ಣ ಬಳಿದ ಬಾಡಿಗಿಂತ ಸತುವಿನ ಲೇಪವಿರುವ ಬಾಡಿ ಒಳ್ಳೆಯದು. ಅಲ್ಯೂಮಿನಿಯಂ ಬಾಡಿ ಶಾಖವನ್ನು ಬೇಗ ಬಿಡುತ್ತದೆ, ಆದರೆ ಉಕ್ಕಿನ ಬೋಲ್ಟು ಅದನ್ನು ಸೇರುವ ಕಡೆ ಉಪ್ಪು ಹೊಕ್ಕರೆ ಬಿಳಿ ಪುಡಿ ಕಟ್ಟಲು ಶುರು. ರಾಡನ್ನು ಮುಚ್ಚುವ ರಬ್ಬರ್ ಚೀಲದ ಬಗ್ಗೆ ಎರಡು ಮತಗಳಿವೆ. ಮಳೆಗಾಲದ ತೋಟದ ದಾರಿಯ ಕೆಂಪು ಕೆಸರು ಅದರೊಳಗೆ ಸೇರಿ ಅಲ್ಲಿಯೇ ಉಳಿಯುವುದನ್ನು ಕಂಡ ಮೇಲೆ ನಾನು ಕಿತ್ತುಹಾಕಿದೆ. ಕಬ್ಬಿಣದ ಅರ್ಧಚಂದ್ರದಂಥ ತಡೆ ಇದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅಡಿಭಾಗಕ್ಕೆ ಬಾವಿಯ ನೀರು ಬಿಡುತ್ತೇನೆ. ಪೈಪಿನ ಒತ್ತಡ ಸಾಧಾರಣವಿರಲಿ, ಪ್ರೆಶರ್ ವಾಷರಿನ ಧಾರೆಯನ್ನು ನೇರ ಸೀಲಿಗೆ ಹಿಡಿಯಬೇಡಿ.

ತಿರುಪು ಇರುವ ಶಾಕ್

ರ‍್ಯಾಂಚೊ ಕಂಪನಿಯ 9000 ಸರಣಿಯಲ್ಲಿ ಬಾಡಿಯ ಮೇಲೊಂದು ತಿರುಪು, ಒಂಬತ್ತು ಹಂತ. ವಾರವಿಡೀ ಖಾಲಿ ಓಡಿ ಶನಿವಾರ ಲೋಡು ಹೊರುವ ಗಾಡಿಗೆ ಇದಕ್ಕಿಂತ ಒಳ್ಳೆಯ ಕಲ್ಪನೆ ಇಲ್ಲ. ವಾಸ್ತವದಲ್ಲಿ ಏನಾಗುತ್ತದೆಂದರೆ, ಮೊದಲ ತಿಂಗಳು ದಿನಾ ತಿರುಗಿಸುತ್ತೇವೆ, ಆಮೇಲೆ ಮರೆಯುತ್ತೇವೆ, ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತಿರುಪು ಹಿಡಿದುಕೊಂಡಿರುತ್ತದೆ. ಕೊಂಡವರು ತಿಂಗಳಿಗೊಮ್ಮೆಯಾದರೂ ಒಂದರಿಂದ ಒಂಬತ್ತರವರೆಗೆ ತಿರುಗಿಸಿ ಮತ್ತೆ ಸ್ವಸ್ಥಾನಕ್ಕೆ ತರಬೇಕು.

ಈಗಿರುವ ಶಾಕ್ ಏನು ಹೇಳುತ್ತಿದೆ

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಸ್ವಲ್ಪ ಕೇಳಿಸಿಕೊಳ್ಳಿ. ಹಂಪು ದಾಟಿದ ಮೇಲೆ ಹಿಂಬದಿ ಎರಡು ಮೂರು ಸಲ ಏರಿಳಿದರೆ ಶಾಕಿನ ಮರುಹಿಡಿತ, ಅಂದರೆ ಬಿಚ್ಚಿಕೊಳ್ಳುವಾಗ ತಡೆಯುವ ಬಲ, ಸಾಲದು. ಹೆಚ್ಚು ಪ್ಲೇಟು ಹಾಕಿ ಎತ್ತರಿಸಿದವರಿಗೆ ಸಾಮಾನ್ಯವಾಗಿ ಬರುವ ರೋಗ ಇದು: ಗಟ್ಟಿ ಪ್ಲೇಟು ಜೋರಾಗಿ ಚಿಮ್ಮುತ್ತದೆ, ಹಳೆಯ ಶಾಕಿಗೆ ಅದನ್ನು ತಡೆಯುವ ತಾಕತ್ತಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಸಾಲು ಗುಂಡಿಗಳ ಮೇಲೆ ಹೋಗುತ್ತ ಹೋಗುತ್ತ ಗಾಡಿ ಕುಗ್ಗಿದಂತಾಗಿ ಕೊನೆಗೆ ಬಡಿದುಕೊಂಡರೆ ಮರುಹಿಡಿತ ಅತಿಯಾಗಿದೆ, ಮುಂದಿನ ಗುಂಡಿ ಬರುವ ಮೊದಲು ಶಾಕ್ ಬಿಚ್ಚಿಕೊಳ್ಳುತ್ತಿಲ್ಲ. ಬಿಗಿ ಶಾಕೇ ಒಳ್ಳೆಯದು ಎಂದು ನಂಬಿದವರು ಈ ಲಕ್ಷಣವನ್ನು ಕಂಡು ಇನ್ನೂ ಬಿಗಿಯಾದದ್ದನ್ನು ಹುಡುಕುತ್ತಾರೆ! ಸಣ್ಣ ಗೆರೆಗಳ ಮೇಲೆ ಮಾತ್ರ ಚುಚ್ಚಿದಂತಾದರೆ ಮೊದಲು ಟಯರಿನ ಗಾಳಿ ಇಳಿಸಿ ನೋಡಿ. ಖಾಲಿ ಗಾಡಿಗೆ ಲೋಡಿನ ಗಾಳಿ ಹಾಕಿ ಶಾಕನ್ನು ಬಯ್ದವರ ಸಾಲಿನಲ್ಲಿ ನಾನೂ ಇದ್ದೇನೆ.

ಯಾರಿಗೆ ಯಾವುದು

ನಗರದಲ್ಲಿಯೇ ಓಡಾಡುವ, ಹಿಂದೆ ಒಂದು ಕ್ರಿಕೆಟ್ ಕಿಟ್ಟಿಗಿಂತ ಹೆಚ್ಚು ಹೊರದ ಗಾಡಿಗೆ ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ ಸಾಕು, ಅದಕ್ಕೆ ಗಟ್ಟಿ ಪ್ಲೇಟೂ ಬೇಡ. ಲೋಡಿನ ಪ್ಲೇಟು ಹಾಕಿ ಖಾಲಿ ಓಡಿಸಿದರೆ ಜಗತ್ತಿನ ಯಾವ ಶಾಕೂ ಅದನ್ನು ಮೃದುವಾಗಿಸಲಾರದು. ತೋಟ, ಕ್ವಾರಿ, ಕಟ್ಟಡದ ಸಾಮಾನು ಎಂದು ನಿಯಮಿತವಾಗಿ ಭಾರ ಹೊರುವವರಿಗೆ ನನ್ನ ಮತ ಫೋಮ್ ಸೆಲ್ಲಿಗೆ. ನನ್ನ ಎರಡನೆಯ ಜೋಡಿ ಅದೇ. ಕಾಂಕ್ರೀಟಿನ ಮೇಲೆ ಸಹನೀಯ, ಕಲ್ಲಿನೇಟಿಗೆ ಅಂಜುವುದಿಲ್ಲ, ಮುಚ್ಚಿದ ಉದ್ದ ನನ್ನ ಲೆಕ್ಕಕ್ಕೆ ಹೊಂದಿತು. ಘಾಟಿ ಹತ್ತಿ ಬೆಂಗಳೂರಿಗೆ ವೇಗವಾಗಿ ಹೋಗಿ ಬರುವವರು, ಅಳತೆ ಒಪ್ಪಿದರೆ, ಮಾನೋಟ್ಯೂಬಿಗೆ ದುಡ್ಡು ಹಾಕಲಿ. ಅದಕ್ಕೆ ಮೊದಲು ಸೀಲು ಬದಲಿಸಿ ಗ್ಯಾಸ್ ತುಂಬುವವರು ಎಷ್ಟು ದೂರದಲ್ಲಿದ್ದಾರೆ ಎಂದು ಅಂಗಡಿಯಲ್ಲಿ ವಿಚಾರಿಸಿ. ಟಯರಿಗೆ ನೈಟ್ರೋಜನ್ ತುಂಬುವ ಯಂತ್ರದಿಂದ ಈ ಕೆಲಸ ಆಗದು. ರಿಸರ್ವಾಯರ್ ಶಾಕ್ ನಮ್ಮ ಎರಡು ಜಿಲ್ಲೆಗಳ ದೈನಂದಿನ ಓಡಾಟಕ್ಕೆ ಬೇಕೆಂದು ನನಗೆ ಅನಿಸಿಲ್ಲ. ಲಡಾಖಿಗೆ ಹೊರಟವರ ಮಾತು ಬೇರೆ.

ಯಾವುದನ್ನು ಕೊಂಡರೂ ಪ್ಲೇಟಿನ ಭಾರದ ವರ್ಗ ಯಾವುದು ಎಂದು ಹೇಳಿ ಕೊಳ್ಳಿ. ಒಂದೇ ಉದ್ದದ ಶಾಕುಗಳು ಹಗುರ ಪ್ಲೇಟಿಗೊಂದು, ಭಾರದ ಪ್ಲೇಟಿಗೊಂದು ಎಂದು ಬೇರೆ ಬೇರೆ ಹಿಡಿತದಲ್ಲಿ ಬರುತ್ತವೆ, ಹೊರಗಿನಿಂದ ನೋಡಲು ಅವಳಿ ಮಕ್ಕಳು.

ಜೋಡಿಸುವಾಗ

ಶಾಕಿನ ತುದಿಗಳ ರಬ್ಬರ್ ಬುಷ್ ಮೂಲಕ ಹೋಗುವ ಬೋಲ್ಟುಗಳನ್ನು ಚಕ್ರ ಜೋತುಬಿದ್ದಾಗಲೇ ಪೂರ್ತಿ ಬಿಗಿಯುವವರಿದ್ದಾರೆ, ಬಿಡಬೇಡಿ. ಗಾಡಿ ನೆಲಕ್ಕೆ ಇಳಿದು ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲವು ಪಿಕಪ್ಪುಗಳಲ್ಲಿ ಆಕ್ಸಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳಿರುತ್ತದೆ, ಹಿಂದೆ ಎಷ್ಟು ಭಾರವಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿನದ್ದು. ಗಾಡಿ ಎತ್ತರವಾದರೆ ಹಿಂದೆ ಭಾರವೇ ಇಲ್ಲವೆಂದು ಆ ವಾಲ್ವು ನಂಬುತ್ತದೆ, ಹಿಂದಿನ ಬ್ರೇಕು ಸಡಿಲವಾಗುತ್ತದೆ. ಎತ್ತರಿಸಿದವರು ಇದನ್ನು ಸರಿಹೊಂದಿಸಿದ್ದಾರೆಯೇ ಎಂದು ಕೇಳಿ. ಶಾಕಿಗಿಂತ ಇದು ಮುಖ್ಯ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಗಳನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತವಾಗಿ ಹೇಳಿಯೂ ಇದೆ. ಎತ್ತರಿಸುವ ಮೊದಲೇ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳುವುದು ಲೇಸು. ಗಾಡಿಯನ್ನು ಮೊದಲಿನ ಸ್ಥಿತಿಗೆ ತರಬೇಕಾದ ದಿನ ಬರಬಹುದು, ಆದ್ದರಿಂದ ಕಂಪನಿಯ ಹಳೆಯ ಶಾಕುಗಳನ್ನು ಗುಜರಿಗೆ ಕೊಡಬೇಡಿ. ಟ್ವಿನ್ ಟ್ಯೂಬನ್ನು ಮಲಗಿಸಿ ಇಟ್ಟರೆ ಒಳಗಿನ ಕೊಳವೆಗೆ ಗ್ಯಾಸು ಸೇರುತ್ತದೆ, ನಿಲ್ಲಿಸಿಯೇ ಇಡಬೇಕು. ಮತ್ತೆ ಜೋಡಿಸುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಬಿಚ್ಚಬೇಕು. ನನ್ನವು ನಮ್ಮ ಮನೆಯ ಅಟ್ಟದಲ್ಲಿ ಹಪ್ಪಳದ ಡಬ್ಬಿಯ ಪಕ್ಕ ಗೋಡೆಗೆ ಒರಗಿ ನಿಂತಿವೆ. ಅವುಗಳನ್ನು ಯಾವಾಗ ಅಲ್ಲಿಂದ ಇಳಿಸುತ್ತೀ ಎಂದು ತಾಯಿ ಪ್ರತಿ ಮಳೆಗಾಲಕ್ಕೂ ಕೇಳುತ್ತಾರೆ.